ಮಾತಿನ ವಾಹಿನಿಯಲ್ಲಿ ಮಾತಿನ ಕೊನೆಯೇ ಕೇಳಿಸುತ್ತಿಲ್ಲ

ಇವರಿಗೆ,
ಕಾರ್ಯಕ್ರಮ ವಿಭಾಗದ ಮತ್ತು ತಾಂತ್ರಿಕ ವಿಭಾಗದ ಮುಖ್ಯಸ್ಥರು,
ರಾಷ್ಟ್ರೀಯ ಬಾನುಲಿ, ಮಾತಿನ ವಾಹಿನಿ

ವಿಷಯ: ಕಾರ್ಯಕ್ರಮಗಳ ಕೊನೆ ತುಂಡಾಗುತ್ತಿರುವುದು, ಧ್ವನಿಮಟ್ಟದ ಏರುಪೇರು ಮತ್ತು ಮಾತಿನ ಅಡಿಯ ಸಂಗೀತದ ಕುರಿತು ದೂರು

ಮಾನ್ಯರೇ,

ಬೆಳಗಿನ ವಾರ್ತೆಯಿಂದ ರಾತ್ರಿಯ ಪುಸ್ತಕ ವಾಚನದವರೆಗೆ ಸುದ್ದಿ, ಆರೋಗ್ಯ, ವಿಜ್ಞಾನ, ಚರ್ಚೆ, ಕಥೆ, ನಾಟಕ ಎಂದು ದಿನವಿಡೀ ಮಾತನ್ನೇ ನಂಬಿ ನಡೆಯುವ ವಾಹಿನಿ ನಿಮ್ಮದು. ಕಾರ್ಯಕ್ರಮಗಳ ಆಯ್ಕೆಯ ಬಗ್ಗೆ ನಮಗೆ ಚೂರೂ ತಕರಾರಿಲ್ಲ, ಇಷ್ಟು ಬಗೆ ಒಂದೇ ಕಡೆ ಸಿಗುವುದು ಅಪರೂಪ. ಆದರೆ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಜಾಗ ಹದಗೆಟ್ಟಿದೆ. ಮಾತು ಕಿವಿಗೆ ತಲುಪುವಷ್ಟರಲ್ಲಿ ಸವೆದು ಹೋಗಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದನ್ನು ಮೊದಲು ಹೇಳುತ್ತೇವೆ. ಅರ್ಧ ಗಂಟೆಯ ಕಾರ್ಯಕ್ರಮಗಳ ಕೊನೆಯ ವಾಕ್ಯ ಪೂರ್ತಿ ಕೇಳಿಸುವುದಿಲ್ಲ. ಆರೋಗ್ಯದ ಮಾತುಕತೆ ಮುಗಿಸುತ್ತಾ ವೈದ್ಯರು "ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬ..." ಎನ್ನುವಷ್ಟರಲ್ಲಿ ಮುಂದಿನ ಕಾರ್ಯಕ್ರಮದ ಪ್ರೋಮೋ ನುಗ್ಗುತ್ತದೆ. ತೆಗೆದುಕೊಳ್ಳಬೇಕೋ, ತೆಗೆದುಕೊಳ್ಳಬಹುದೋ, ತೆಗೆದುಕೊಳ್ಳಬಾರದೋ? ಕನ್ನಡದಲ್ಲಿ ಬೇಕು-ಬಾರದು, ಇದೆ-ಇಲ್ಲ ಎಲ್ಲವೂ ಬರುವುದು ವಾಕ್ಯದ ತುದಿಯಲ್ಲಿ. ತುದಿಯ ಅರ್ಧ ಸೆಕೆಂಡ್ ಹೋದರೆ ಇಡೀ ವಾಕ್ಯವೇ ಹೋದಂತೆ. ಹಾಡಿನ ಬಾಲ ತುಂಡಾದರೆ ಬೇಸರವಾಗುತ್ತದೆ. ಮಾತಿನ ಬಾಲ ತುಂಡಾದರೆ ಯಾರಾದರೂ ತಪ್ಪಾಗಿ ಮಾತ್ರೆ ನುಂಗುತ್ತಾರೆ.

ಇದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ, ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ಒಂದರಲ್ಲಿ ಕೊನೆಯ ಎರಡು ಮೂರು ಸೆಕೆಂಡ್ ಮೆಲ್ಲಗೆ ಅಡಗುತ್ತಾ, ಅದರ ಮೇಲೆಯೇ ಮುಂದಿನದು ಏರುತ್ತದೆ. ಇದು ಕಡತಗಳನ್ನು ಒಂದರ ಹಿಂದೊಂದು ಪ್ರಸಾರಕ್ಕೆ ಬಿಡುವ ಪ್ಲೇಔಟ್ ಸಾಫ್ಟ್‌ವೇರಿನ ಕ್ರಾಸ್‌ಫೇಡ್. ಹಾಡಿಗೆ ಇಡುವ ಸೆಟ್ಟಿಂಗನ್ನು ಮಾತಿಗೂ ಹಾಗೇ ಬಿಟ್ಟಂತಿದೆ. ಮಾತಿನ ಕಡತಗಳ ವರ್ಗಕ್ಕೆ ಅದನ್ನು ಸೊನ್ನೆ ಮಾಡಿ, ಕೊನೆಯ ಅಕ್ಷರದ ನಂತರ ಒಂದು ಸೆಕೆಂಡ್ ಮೌನ ಬಿಟ್ಟು ಕಡತ ಮುಗಿಯುವ ಜಾಗವನ್ನು (ಔಟ್ ಪಾಯಿಂಟ್) ಗುರುತಿಸಿದರೆ ಸಾಕು. ಇನ್ನೊಂದು ದೋಷ ಗಂಟೆಯ ವಾರ್ತೆಗೆ ಮುಂಚೆ ಕಾಣಿಸುತ್ತದೆ: ಫೇಡ್ ಇಲ್ಲದೆ ಕತ್ತರಿಯಿಂದ ಕತ್ತರಿಸಿದ ಹಾಗೆ. ವಾರ್ತೆ ಗಡಿಯಾರಕ್ಕೆ ಕಟ್ಟಿದ್ದು, ಅದು ಕಾಯುವುದಿಲ್ಲ. ಅರ್ಧ ಗಂಟೆಯ ಜಾಗಕ್ಕೆ 29 ನಿಮಿಷ 50 ಸೆಕೆಂಡಿನ ಧ್ವನಿಮುದ್ರಣ ಬಂದರೆ ಉದ್ಘೋಷಣೆಗೆ ಉಳಿಯುವುದು ಹತ್ತೇ ಸೆಕೆಂಡ್. ಹಿಂದಿನ ನೇರಪ್ರಸಾರದ ಚರ್ಚೆ ಅರ್ಧ ನಿಮಿಷ ಎಳೆದಿದ್ದರಂತೂ ಮುಗಿದೇ ಹೋಯಿತು. ತಯಾರಕರಿಂದ 28 ನಿಮಿಷಕ್ಕೇ ಕಡತ ಪಡೆಯಿರಿ. ಸಮಯ ಮೀರಿದಾಗ ಪ್ರೋಮೋ ಬಿಟ್ಟುಬಿಡುವ ಅಧಿಕಾರವನ್ನು ಪಾಳಿಯ ಉದ್ಘೋಷಕರಿಗೆ ಕೊಡಿ. ಪ್ರೋಮೋ ನಾಳೆಯೂ ಬರುತ್ತದೆ.

ಧ್ವನಿಮಟ್ಟದ ವಿಷಯ. ಕಥಾವಾಚನಕ್ಕೆಂದು ವಾಲ್ಯೂಮ್ ಏರಿಸಿದವರು ಅದರ ಹಿಂದೆಯೇ ಬರುವ ಪ್ರೋಮೋಗೆ ಬೆಚ್ಚಿಬೀಳುತ್ತಾರೆ. ಧ್ವನಿಯ ಕ್ಷಣಿಕ ಗರಿಷ್ಠ ಮಟ್ಟ ತೋರಿಸುವ ಪೀಕ್ ಮೀಟರ್ ನೋಡಿದರೆ ಎರಡೂ ಒಂದೇ ಎತ್ತರ ಮುಟ್ಟಿರಬಹುದು, ಆದರೆ ಕಿವಿ ಅಳೆಯುವುದು ಪೀಕನ್ನಲ್ಲ. ಯುರೋಪಿನ ಪ್ರಸಾರಕರ ಒಕ್ಕೂಟವಾದ ಇಬಿಯು 2010ರಲ್ಲಿ ತಂದ ಆರ್ 128 ಶಿಫಾರಸು ಪ್ರಸಾರಕ್ಕೆ ಮೈನಸ್ 23 ಎಲ್‌ಯುಎಫ್‌ಎಸ್ ಗುರಿ ಇಟ್ಟಿದೆ. ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಅಳತೆ ಇದು, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಪಾಡ್‌ಕಾಸ್ಟ್‌ಗಳನ್ನು ಸಾಮಾನ್ಯವಾಗಿ ಮೈನಸ್ 16ರ ಸುಮಾರಿಗೆ ತಯಾರಿಸುತ್ತಾರೆ. ಪಾಡ್‌ಕಾಸ್ಟ್‌ಗೆ ಮಾಡಿದ ಪ್ರೋಮೋವನ್ನೇ ತಂದು ಪ್ರಸಾರಕ್ಕೆ ಹಾಕಿದರೆ 7 ಡೆಸಿಬಲ್ ಜಿಗಿತ. ಪ್ರಸಾರದ ಸರ್ವರ್ ಕಂಪ್ಯೂಟರಿಗೆ ಸೇರುವ ಮುಂಚೆ ಪ್ರತಿಯೊಂದು ಕಡತವನ್ನೂ ಅಳೆದು ಒಂದೇ ಮಟ್ಟಕ್ಕೆ ತನ್ನಿ. ಇದು ಯಂತ್ರ ತಾನಾಗಿಯೇ ಮಾಡುವ ಕೆಲಸ.

ಮಾತಿನ ಅಡಿಯಲ್ಲಿ ಬಿಡದೆ ಹರಿಯುವ ಸಂಗೀತವನ್ನು ದಯವಿಟ್ಟು ಕಡಿಮೆ ಮಾಡಿ. ಮಾತಿನಲ್ಲಿ ಅ, ಆ, ಇ ಮುಂತಾದ ಸ್ವರಾಕ್ಷರಗಳು ಹೇಗೋ ಉಳಿದುಕೊಳ್ಳುತ್ತವೆ. ಸ, ಶ, ತ, ಟ ಮುಂತಾದ ವ್ಯಂಜನಗಳನ್ನು ಗುರುತಿಸಲು ಬೇಕಾದ ಶಬ್ದ ಬಹುಪಾಲು 2 ಕಿಲೋಹರ್ಟ್ಸ್‌ಗಿಂತ ಮೇಲಿರುತ್ತದೆ, ಮತ್ತು ಬಲ ಕಡಿಮೆ. ತಾಳ, ಗೆಜ್ಜೆ, ತಂತಿವಾದ್ಯದ ಮೀಟು ಅದನ್ನೇ ಮುಚ್ಚುತ್ತವೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಭಾಗವನ್ನೇ. ಅಂತರಜಾಲದ ಸುಗಮ್ಯತೆಗೆ ಇರುವ ಡಬ್ಲ್ಯುಸಿಎಜಿ ಮಾನದಂಡದ ಅತಿ ಕಟ್ಟುನಿಟ್ಟಿನ ಹಂತದಲ್ಲಿ ಹಿನ್ನೆಲೆ ಶಬ್ದ ಮಾತಿಗಿಂತ 20 ಡೆಸಿಬಲ್ ಕೆಳಗಿರಬೇಕು ಎಂದಿದೆ. ಮಾತನ್ನೇ ನಂಬಿದ ವಾಹಿನಿ ಅಷ್ಟನ್ನಾದರೂ ಪಾಲಿಸಬೇಕು. ಮಿಕ್ಸ್ ಮುಗಿದ ಮೇಲೆ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಕೇಳಿ ಒಪ್ಪಿಕೊಳ್ಳಬೇಡಿ. ಒಂದೇ ಸ್ಪೀಕರಿನ ಚಿಕ್ಕ ರೇಡಿಯೋದಲ್ಲಿ, ಪಕ್ಕದಲ್ಲಿ ಫ್ಯಾನ್ ಹಾಕಿಕೊಂಡು ಕೇಳಿ.

ಮಧ್ಯಾಹ್ನದ ನಾಟಕಕ್ಕೆ ಆಗುತ್ತಿರುವ ಅನ್ಯಾಯ ಇನ್ನೊಂದು ಬಗೆಯದು. ಪಾತ್ರ ಸುಮ್ಮನಾದ ಕೂಡಲೇ ಹಿನ್ನೆಲೆಯ ಮಳೆ ಉಬ್ಬಿ ಎದ್ದು ಬರುತ್ತದೆ, ಮಾತು ಶುರುವಾದರೆ ಕುಗ್ಗುತ್ತದೆ. ಪ್ರಸಾರದ ಪ್ರೊಸೆಸರಿನಲ್ಲಿ ಎಜಿಸಿ (ಧ್ವನಿಮಟ್ಟವನ್ನು ತಾನಾಗಿಯೇ ಏರಿಸಿ ಇಳಿಸುವ ವ್ಯವಸ್ಥೆ) ತೀರಾ ಚುರುಕಾಗಿರುವುದರ ಲಕ್ಷಣವಿದು. ನಾಟಕದ ಹೊತ್ತಿಗೆ ಬೇರೆ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗು) ಇಟ್ಟು, ಗೇನ್ (ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಏರುವ ವೇಗ ತಗ್ಗಿಸಿ, ತೀರಾ ಸಣ್ಣ ಶಬ್ದಕ್ಕೆ ಏರದಂತೆ ಗೇಟ್ ಹಾಕಿ. ಉದ್ದನೆಯ ಮೌನ ಬಂದಾಗ ತುರ್ತು ಸಂಗೀತ ಶುರುವಾದದ್ದೂ ಉಂಟು. ಸೈಲೆನ್ಸ್ ಡಿಟೆಕ್ಟರ್ ಆ ಮೌನವನ್ನು ಪ್ರಸಾರ ನಿಂತಿದೆ ಎಂದು ತಿಳಿದಿರಬೇಕು. ನಾಟಕದ ಅವಧಿಯಲ್ಲಿ ಅದರ ಕಾಯುವ ಸಮಯ ಹೆಚ್ಚಿಸಿ.

ಆ್ಯಪ್‌ನಲ್ಲಿ ಕೇಳುವವರಿಗೆ ಗಂಟೆಯ ಸಮಯ ಸೂಚಕ ಸುಮಾರು ಅರ್ಧ ನಿಮಿಷ ತಡವಾಗಿ ಬರುತ್ತಿದೆ. ಸ್ಟ್ರೀಮ್ ಆರು ಸೆಕೆಂಡಿನ ತುಣುಕುಗಳಲ್ಲಿ ಹೋದರೆ, ಪ್ಲೇಯರ್ ಮೂರು ತುಣುಕು ಕೂಡಿಟ್ಟುಕೊಂಡೇ ಶುರು ಮಾಡಿದರೂ 18 ಸೆಕೆಂಡ್ ಅಲ್ಲೇ ಹೋಗುತ್ತದೆ. ಸರಿಪಡಿಸಲು ಆಗದಿದ್ದರೆ ಸ್ಟ್ರೀಮ್‌ನಿಂದ ಸಮಯ ಸೂಚಕದ ಪಿಪ್ ಸದ್ದುಗಳನ್ನು ತೆಗೆದುಬಿಡಿ. ಅದನ್ನು ನಂಬಿ ಗಡಿಯಾರ ಸರಿಮಾಡಿಕೊಳ್ಳುವವರಿದ್ದಾರೆ. ಮರುಪ್ರಸಾರವಾದರೆ ಮರುಪ್ರಸಾರ ಎಂದು, ಮೊಟಕುಗೊಳಿಸಿದ್ದರೆ ಹಾಗೆಂದು ಉದ್ಘೋಷಣೆಯಲ್ಲೇ ಹೇಳಿ.

ಕ್ರಾಸ್‌ಫೇಡ್ ಬದಲಿಸುವುದು ಒಂದು ದಿನದ ಕೆಲಸ, ಅದನ್ನು ಈ ವಾರವೇ ಮಾಡಬೇಕೆಂದು ಕೋರುತ್ತೇವೆ. ಉಳಿದವುಗಳಲ್ಲಿ ಯಾವುದನ್ನು ಯಾವಾಗ ಸರಿಪಡಿಸುತ್ತೀರಿ ಎಂದು ಲಿಖಿತವಾಗಿ ತಿಳಿಸಿ. ಕೊನೆ ತುಂಡಾದ ಆರೋಗ್ಯ ಕಾರ್ಯಕ್ರಮಗಳನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಪ್ರಸಾರ ಮಾಡಿ.

ಇಂತಿ,
ನಿಮ್ಮ ನಿತ್ಯದ ಕೇಳುಗರು