ಆ ದನಿಗೆ, ಮತ್ತೆ ಉಳಿದವರಿಗೂ

ಊರುಗೋಲು ಬಿಟ್ಟು ಒಂದು ತಿಂಗಳಾಯಿತು. ಥ್ಯಾಂಕ್ಸ್ ಹೇಳುವುದು ಬಾಕಿ ಇದೆ. ಅದಕ್ಕೂ ಮುಂಚೆ ತಪ್ಪೊಪ್ಪಿಗೆ: ಕೆಟ್ಟ ಹವೆಯೊಳಗೆ ವಿಮಾನ ನುಗ್ಗಿಸಿದವನು ನಾನೇ.

ನೆಲ ಕಣ್ಣಿಗೆ ಕಾಣುವಾಗ ಮಾತ್ರ ಹಾರಿಸಬಹುದಾದ ಲೈಸೆನ್ಸ್ ನನ್ನದು. ಹೊರಡುವಾಗ ಹವಾಮಾನದ ವಿವರ ಕೊಟ್ಟವರು 'ಮೋಡ ಇಳಿಯುತ್ತಿದೆ, ಇವತ್ತು ಬೇಡ' ಎಂದಿದ್ದರು. ಅರ್ಧ ಗಂಟೆ ದಾರಿ ತಾನೇ ಅಂದುಕೊಂಡೆ. ಸರ್, ಕ್ಷಮಿಸಿ.

ಹಾರಲು ಕಲಿಸಿದ ಮೇಷ್ಟ್ರು 1954ರ ಒಂದು ಪ್ರಯೋಗದ ಕಥೆ ಹೇಳುತ್ತಿದ್ದರು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ನನ್ನ ಹಾಗೇ ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗಿನದು ಕಾಣದಂತೆ ಮಾಡಿ ಹಾರಿಸಿದರಂತೆ. ಇಪ್ಪತ್ತೂ ಜನ ಹಿಡಿತ ತಪ್ಪಿದರು. ಸರಾಸರಿ 178 ಸೆಕೆಂಡಿನಲ್ಲಿ. ನಾನು ನಕ್ಕಿದ್ದೆ.

ಮೋಡದೊಳಗೆ ಹೋದ ಮೇಲೆ ನಗು ಬರಲಿಲ್ಲ. ನೇರ ಹೋಗುತ್ತಿದ್ದೇನೆ ಅಂತ ಮೈ ಹೇಳುತ್ತಿತ್ತು. ಎದುರಿನ ಮುಳ್ಳುಗಳು ಬೇರೆಯೇ ಹೇಳುತ್ತಿದ್ದವು: ವೇಗ ಏರುತ್ತಿದೆ, ಎತ್ತರ ಇಳಿಯುತ್ತಿದೆ, ರೆಕ್ಕೆ ವಾಲಿದೆ. ನಿಧಾನವಾದ ತಿರುವು ಸ್ವಲ್ಪ ಹೊತ್ತಿನಲ್ಲೇ ಒಳಗಿವಿಗೆ ಗೊತ್ತಾಗುವುದು ನಿಂತುಬಿಡುತ್ತದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ! ಆದರೂ ನಂಬಿದ್ದು ಕಿವಿಯನ್ನೇ.

ಆಗ ರೇಡಿಯೊದಲ್ಲಿ ಆ ದನಿ ಬಂತು. 'ಹೊರಗೆ ನೋಡಬೇಡಿ. ಮೊದಲು ರೆಕ್ಕೆ ಸಮ ಮಾಡಿ. ಉಳಿದದ್ದು ಆಮೇಲೆ.' ಬೈಗುಳ ಇಲ್ಲ, ಗಾಬರಿ ಇಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದರು. ಕಂಟ್ರೋಲರ್ ಮೇಡಂ, ನಿಮ್ಮ ಮುಖ ನಾನು ನೋಡಿಲ್ಲ. ಈಗಲೂ ರಾತ್ರಿ ಎಚ್ಚರವಾದರೆ ನಿಮ್ಮ ದನಿ ಕೇಳಿಸುತ್ತದೆ. ರೆಕ್ಕೆ ಸಮವಾಯಿತು. ಆದರೆ ಮೋಡದಿಂದ ಹೊರಬಿದ್ದಾಗ ಮರದ ತುದಿಗಳು ಚಕ್ರಕ್ಕೆ ತಾಗುವಷ್ಟು ಹತ್ತಿರ. ಸಿಕ್ಕಿದ ಬಯಲಿಗೆ ಇಳಿಸಿದೆ. ಚಕ್ರ ಮುರಿದು ವಿಮಾನ ಮಗುಚಿತು. ನನ್ನ ಕಾಲು, ಗೆಳೆಯನ ಭುಜದ ಮೂಳೆ. ಅಷ್ಟೇ.

'ಅಷ್ಟೇ' ಎನ್ನುವುದಕ್ಕೆ ನಮ್ಮ ಮೆಕ್ಯಾನಿಕ್ ಕಾರಣ. ಭುಜದ ಬೆಲ್ಟ್ ಸವೆದಿದೆ ಅಂತ ಹಟ ಹಿಡಿದು ಹೊಸದು ಹಾಕಿಸಿದ್ದ. ಅಪಾಯದ ಸಿಗ್ನಲ್ ಕಳಿಸುವ ಪೆಟ್ಟಿಗೆಯ ಬ್ಯಾಟರಿಯನ್ನೂ ಬದಲಿಸಿದ್ದ. ಸುಮ್ನೆ ಖರ್ಚು ಅಂತ ಗೊಣಗಿದ್ದೆ ಕಣಪ್ಪಾ. ಆ ಪೆಟ್ಟಿಗೆ 406 ಮೆಗಾಹರ್ಟ್ಸ್‌ನಲ್ಲಿ ಕೂಗಿದ್ದು ಉಪಗ್ರಹಕ್ಕೆ ಕೇಳಿಸಿತು.

ಹೆಲಿಕಾಪ್ಟರ್ ಬರಲಿಲ್ಲ. ಮೋಡ ಸರಿಯುವ ತನಕ ಹಾರುವುದಿಲ್ಲ ಎಂದರಂತೆ ಅದರ ಪೈಲಟ್. ಅವರಿಗೂ ನನ್ನ ನಮಸ್ಕಾರ. ರಕ್ಷಣಾ ತಂಡದವರು ಕೆಸರಿನಲ್ಲಿ ನಡೆದೇ ಬಂದರು, ನಮ್ಮನ್ನು ಹೊತ್ತುಕೊಂಡೇ ಹೋದರು. ಒಬ್ಬರು ತಮ್ಮ ಒಣ ಕಾಲುಚೀಲ ಬಿಚ್ಚಿ ನನಗೆ ಹಾಕಿದರು. ಅದಿನ್ನೂ ನನ್ನ ಹತ್ತಿರವೇ ಇದೆ.

ಕೊನೆಗೆ, ಪಕ್ಕದ ಸೀಟಿನಲ್ಲಿದ್ದ ಗೆಳೆಯನಿಗೆ. ನನ್ನನ್ನು ನಂಬಿ ಹತ್ತಿದ್ದ. ಆಸ್ಪತ್ರೆಯಲ್ಲಿ ಒಂದು ಮಾತೂ ಆಡಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ ನೋಯಿಸಿತು. ಮೊನ್ನೆ ಅವನೇ ಫೋನ್ ಮಾಡಿದ. 'ಅರ್ಧಕ್ಕೆ ನಿಂತ ಪ್ರಯಾಣ ಮುಗಿಸೋಣ ಬಾರೋ, ರೈಲಿನಲ್ಲಿ' ಅಂದ.

ಟಿಕೆಟ್ ತೆಗೆದಿದ್ದೇನೆ. ಕಿಟಕಿ ಸೀಟು ಅವನಿಗೆ.