ಅಲಾರಂ ಗಡಿಯಾರದ ರಿವ್ಯೂ ಬರೆದವರಿಗೆ

ನೀವು ಯಾರೋ ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಬರೀ 'ಗ್ರಾಹಕರು' ಅಂತಿತ್ತು. ಗಡಿಯಾರಕ್ಕೆ ಐದು ಸ್ಟಾರ್ ಕೊಟ್ಟು, ಇದು ಹೊಡೆದುಕೊಂಡರೆ ನನ್ನನ್ನು ಬಿಟ್ಟು ಮನೆಯವರೆಲ್ಲ ಏಳುತ್ತಾರೆ, ಆಮೇಲೆ ಅವರೇ ಬೈದು ನನ್ನನ್ನು ಎಬ್ಬಿಸುತ್ತಾರೆ, ಅಂದಮೇಲೆ ಕೆಲಸ ಮಾಡಿದ ಹಾಗೇ ಅಲ್ವಾ ಎಂದು ಬರೆದಿದ್ದಿರಿ. ಬಿದ್ದು ಬಿದ್ದು ನಕ್ಕೆ. ಸದ್ದು ಕಡಿಮೆ ಮಾಡೋಕೆ ಆಗಲ್ಲ, ರಾತ್ರಿ ಇದರ ಬೆಳಕಲ್ಲೇ ಪುಸ್ತಕ ಓದಬಹುದು ಅಂತಲೂ ಸೇರಿಸಿದ್ದಿರಿ. ನನಗೆ ಬೇಕಿದ್ದ ಮಾಹಿತಿ ಅದೇ! ಕಂಪನಿಯ ಉದ್ದುದ್ದ ವಿವರಣೆಯಲ್ಲಿ ಅದೊಂದೇ ಇರಲಿಲ್ಲ. 'ಹೆಂಗಸರಿಗಾಗಿ' ಅಂತ ಬಿಕ್ ಕಂಪನಿ ಮಾರಿದ ಪೆನ್ನಿಗೆ 2012ರಲ್ಲಿ ಜನ ಗಂಭೀರ ಮುಖ ಮಾಡಿಕೊಂಡು ಬರೆದ ಲೇವಡಿ ರಿವ್ಯೂಗಳು ಭಾರೀ ಸುದ್ದಿಯಾಗಿದ್ದವು. ನನ್ನ ಲೆಕ್ಕದಲ್ಲಿ ನಿಮ್ಮದು ಅದಕ್ಕಿಂತ ಒಂದು ಕೈ ಮೇಲೆ (ಉಪಯೋಗಕ್ಕೂ ಬಂತಲ್ಲ). ತುಂಬಾ ಥ್ಯಾಂಕ್ಸ್. ಗಡಿಯಾರ ಕೊಳ್ಳಲಿಲ್ಲ. 'ಉಪಯುಕ್ತ' ಬಟನ್ ಒತ್ತಿದ್ದೇನೆ, ಇನ್ನೊಂದು ಸಲ ಒತ್ತೋಕೆ ಅದು ಬಿಡಲಿಲ್ಲ.