ಕಾಲಿಯಾ ಪ್ರಕರಣ: ಕೇಂದ್ರವೇ ದೂರು ಕೊಡಲಿ

ಮಾನ್ಯ ಸಂಪಾದಕರೇ,

ಕಾರ್ಗಿಲ್ ವಿಜಯ ದಿವಸದ ಭಾಷಣಗಳಲ್ಲಿ ಕ್ಯಾಪ್ಟನ್ ಸೌರಭ್ ಕಾಲಿಯಾ ಅವರ ಹೆಸರು ತಪ್ಪದೆ ಬರುತ್ತದೆ. ಅವರ ಸಾವಿಗೆ ಕಾರಣರಾದವರನ್ನು ಯಾವ ಕೋರ್ಟು ವಿಚಾರಿಸಿತು ಎಂಬ ಮಾತನ್ನು ಯಾರೂ ಎತ್ತುವುದಿಲ್ಲ.

1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನ ಕಾಕ್ಸರ್ ಭಾಗದಲ್ಲಿ ಗಸ್ತಿಗೆ ಹೋಗಿದ್ದ 4 ಜಾಟ್ ರೆಜಿಮೆಂಟಿನ ಕಾಲಿಯಾ ಹಾಗೂ ಸಿಪಾಯಿಗಳಾದ ಅರ್ಜುನ್ ರಾಮ್, ಭನ್ವರ್ ಲಾಲ್ ಬಗಾರಿಯಾ, ಭೀಕಾ ರಾಮ್, ಮೂಲಾ ರಾಮ್, ನರೇಶ್ ಸಿಂಗ್ ಪಾಕಿಸ್ತಾನಿ ಪಡೆಗೆ ಸೆರೆಸಿಕ್ಕರು. ಜೂನ್ 9ರಂದು ಮರಳಿದ್ದು ಆರು ಶವಗಳು. ಜೀವವಿದ್ದಾಗಲೇ ಸುಟ್ಟ, ಮೂಳೆ ಮುರಿದ ಗಾಯಗಳಾಗಿದ್ದವು ಎಂದು ನಮ್ಮ ಕಡೆಯ ಮರಣೋತ್ತರ ಪರೀಕ್ಷೆ ಹೇಳಿತು. ಚಿತ್ರಹಿಂಸೆಯ ಆರೋಪವನ್ನು ಪಾಕಿಸ್ತಾನ ಒಪ್ಪಿಲ್ಲ. ಒಪ್ಪಿಲ್ಲವೆಂದ ಮೇಲಂತೂ ಸಾಕ್ಷ್ಯ ಕೋರ್ಟಿನ ಮುಂದೆ ಬರಲೇಬೇಕಲ್ಲವೇ?

ಅದೇ ಯುದ್ಧದಲ್ಲಿ ಸೆರೆಯಾದ ಪೈಲಟ್ ನಚಿಕೇತ ಕೆಲವೇ ದಿನಗಳಲ್ಲಿ ರೆಡ್‌ಕ್ರಾಸ್ ಮೂಲಕ ಬಿಡುಗಡೆಯಾದರು. 1965ರ ಯುದ್ಧದಲ್ಲಿ ಸೆರೆಯಾಗಿದ್ದ ನಮ್ಮ ಕೊಡಗಿನ ಪೈಲಟ್ ಕೆ.ಸಿ. ಕಾರ್ಯಪ್ಪ ಅವರೂ ಜೀವಂತ ಮರಳಿದರು. ಯುದ್ಧಕೈದಿಯನ್ನು ಕಾನೂನಿನಂತೆ ನಡೆಸಿಕೊಳ್ಳುವುದು ಪಾಕಿಸ್ತಾನಿ ಸೇನೆಗೆ ಗೊತ್ತಿಲ್ಲದ ವಿಷಯವೇನಲ್ಲ.

ತಂದೆ ಎನ್.ಕೆ. ಕಾಲಿಯಾ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಪ್ರಕರಣವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕೆಂಬ ಬೇಡಿಕೆಯ ಸುತ್ತಲೇ ಚರ್ಚೆ ಸುತ್ತುತ್ತಿದೆ. ಆ ದಾರಿ ಬಹಳ ಕಷ್ಟದ್ದು. ಪಾಕಿಸ್ತಾನವೂ ಸೇರಿರುವ ಕಾಮನ್‌ವೆಲ್ತ್ ಕೂಟದ ದೇಶಗಳ ಜೊತೆಗಿನ ವ್ಯಾಜ್ಯಕ್ಕೆ ಆ ನ್ಯಾಯಾಲಯದ ಅಧಿಕಾರವನ್ನು ಭಾರತ ಒಪ್ಪಿಕೊಂಡಿಲ್ಲ. 1999ರ ಆಗಸ್ಟಿನಲ್ಲಿ ತನ್ನ ನೌಕಾಪಡೆಯ ಅಟ್ಲಾಂಟಿಕ್ ಗಸ್ತು ವಿಮಾನವನ್ನು ಭಾರತ ಹೊಡೆದುರುಳಿಸಿದ್ದಕ್ಕೆ ಪಾಕಿಸ್ತಾನ ಅಲ್ಲಿ ದಾವೆ ಹೂಡಿದಾಗ, 2000ರಲ್ಲಿ ನಾವು ಅದನ್ನು ವಜಾ ಮಾಡಿಸಿಕೊಂಡದ್ದು ಇದೇ ಷರತ್ತಿನ ಬಲದಿಂದ.

ಆದರೆ ನಮ್ಮದೇ ಕಾನೂನೊಂದು ಕಪಾಟಿನಲ್ಲಿ ಕೊಳೆಯುತ್ತಿದೆ: ಯುದ್ಧಕೈದಿಗಳು, ಗಾಯಾಳುಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಜಾರಿಗೊಳಿಸಲು ಮಾಡಿದ 1960ರ ಜಿನೀವಾ ಒಪ್ಪಂದಗಳ ಕಾಯ್ದೆ. ಭಾರತದ ಒಳಗಾಗಲಿ ಹೊರಗಾಗಲಿ ಯಾರೇ ಯುದ್ಧಕೈದಿಯನ್ನು ಉದ್ದೇಶಪೂರ್ವಕವಾಗಿ ಕೊಂದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಎನ್ನುತ್ತದೆ ಅದರ 3ನೇ ಸೆಕ್ಷನ್. ತೊಡಕಿರುವುದು 17ನೇ ಸೆಕ್ಷನ್‌ನಲ್ಲಿ. ಸರ್ಕಾರ ಅಥವಾ ಅದು ಗೊತ್ತುಪಡಿಸಿದ ಅಧಿಕಾರಿ ದೂರು ಕೊಡದೆ ಯಾವ ಕೋರ್ಟೂ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಅಂದರೆ ಮಗನನ್ನು ಕಳೆದುಕೊಂಡ ತಂದೆಗೆ ಆ ಬಾಗಿಲು ಮುಚ್ಚಿದೆ, ಬೀಗದ ಕೈ ಇರುವುದು ದೆಹಲಿಯ ಬಳಿ. ಆರೋಪಿಗಳ ಹೆಸರು ಗೊತ್ತಿಲ್ಲ ಎಂಬ ನೆಪವೂ ನಿಲ್ಲದು. ನಮ್ಮಲ್ಲಿ ಅಪರಿಚಿತರ ಮೇಲೂ ದೂರು ಕೊಡಬಹುದು, ಕೊಲೆಗೆ ಕಾಲಮಿತಿಯೂ ಇಲ್ಲ. ಆರೋಪಿಗಳು ಗಡಿಯಾಚೆ ಇದ್ದಾರೆ, ನಾಳೆಯೇ ಶಿಕ್ಷೆಯಾಗದು, ನಿಜ. ಆದರೆ ಸಾಕ್ಷ್ಯ ಕಾನೂನುಬದ್ಧವಾಗಿ ದಾಖಲಾಗುತ್ತದೆ.

ಶವಗಳನ್ನು ಪಡೆದ ಅಧಿಕಾರಿಗಳಿಗೂ ಪರೀಕ್ಷಿಸಿದ ವೈದ್ಯರಿಗೂ ವಯಸ್ಸಾಗುತ್ತಿದೆ. ಅವರ ಹೇಳಿಕೆಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವ ಕೆಲಸ ಕೂಡಲೇ ಆಗಬೇಕು. ಈ ಕಾಯ್ದೆಯಡಿ ದೂರು ಕೊಡುವಿರೋ ಇಲ್ಲವೋ, ಇಲ್ಲವಾದರೆ ಏಕೆ ಎಂದು ಕರ್ನಾಟಕದ ಸಂಸದರು ಲೋಕಸಭೆಯಲ್ಲಿ ಕೇಂದ್ರವನ್ನು ಕೇಳಲಿ, ಲಿಖಿತ ಉತ್ತರ ಪಡೆಯಲಿ.

– ಓದುಗ, ಮಡಿಕೇರಿ